ಲಿನಕ್ಸ್ ಗಣಕದಲ್ಲಿ ಸೇವೆಗಳನ್ನು ಎಬ್ಬಿಸುವ ಕ್ರಮಗಳು

ಕಳೆದ ಮಳೆಗಾಲದಲ್ಲಿ ಒಂದು ದಿನ ವಿದ್ಯುತ್ತು ಹೋಗಿ ಬಂದ ತರುವಾಯ ನಮ್ಮ ಗಣಕದ ಕೊಠಡಿಯಲ್ಲಿದ್ದ ಒಂದು ಲಿನಕ್ಸ್ ಯಂತ್ರವು ಒಂದೂವರೆ ನಿಮಿಷ ಸ್ತಬ್ಧವಾಗಿ ನಿಂತಿತು. "ಟೀಚರ್, ಇದು ಯಾರಿಗಾಗಿ ಕಾದಿದೆ?" ಎಂದು ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಕೇಳಿದಳು. ಪ್ರಶ್ನೆಯು ಚಿಕ್ಕದಾದರೂ ಉತ್ತರವು ದೊಡ್ಡದಾಗಿರುವದರಿಂದ, ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ತಿಳಿಯುವಂತೆ ಅದನ್ನು ಇಲ್ಲಿ ಬರೆಯುತ್ತೇನೆ.

ಲಿನಕ್ಸಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಅದು ಎಚ್ಚರಗೊಂಡ ಮೇಲೆ ಒಂದು ಕಾರ್ಯವನ್ನು ಹುಟ್ಟಿಸಿ ಅದಕ್ಕೆ 1 ಎಂಬ ಸಂಖ್ಯೆಯನ್ನು ಕೊಡುವದು. ಜಾಲದ ಸಂಪರ್ಕ, ಮುದ್ರಣ, ಲಾಗಿನ್ ಮೊದಲಾದ ಸೇವೆಗಳನ್ನು ಎಬ್ಬಿಸುವ ಭಾರವೆಲ್ಲ ಇದರ ಮೇಲಿರುವದು. ಇದು ಸತ್ತರೆ ಯಂತ್ರವೇ ನಿಂತುಹೋಗುವದು.

ಹಳೆಯ ಕ್ರಮವು 1983ರಲ್ಲಿ ಹೊರಬಂದ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದದ್ದು. ಇದರಲ್ಲಿ ಪ್ರತಿ ಸೇವೆಗೂ ಒಂದು ಸ್ಕ್ರಿಪ್ಟ್ ಇದ್ದು, ಅದರ ಹೆಸರಿನ ಮುಂದೆ ಎಸ್ ಅಕ್ಷರವೂ ಎರಡು ಅಂಕೆಗಳೂ ಇರುತ್ತವೆ. 10 ಮುಗಿದ ಹೊರತು 20 ಏಳದು. ಬೋರ್ಡಿಂಗಿನಲ್ಲಿ ಒಬ್ಬ ಹುಡುಗಿಯ ಸ್ನಾನವಾದ ಮೇಲೆಯೇ ಮತ್ತೊಬ್ಬಳನ್ನು ಎಬ್ಬಿಸಿದರೆ ಉಪಾಹಾರವು ಎಷ್ಟು ಹೊತ್ತಿಗಾದೀತು? ಆದಾಗ್ಯೂ ಆ ಸ್ಕ್ರಿಪ್ಟುಗಳನ್ನು ಯಾರಾದರೂ ತೆರೆದು ಓದಬಹುದು. ಇದು ಅಲ್ಪ ಗುಣವಲ್ಲ.

2006ರಲ್ಲಿ ಉಬುಂಟುವಿನವರು ಅಪ್‌ಸ್ಟಾರ್ಟ್ ಎಂಬುದನ್ನು ತಂದರು. 2015ರಲ್ಲಿ ಅವರೇ ಅದನ್ನು ಕೈಬಿಟ್ಟರು. ಅಷ್ಟರಲ್ಲಿ, 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಎಂಬವರು ಸಿಸ್ಟಮ್‌ಡಿಯನ್ನು ಪ್ರಕಟಿಸಿದ್ದರು. ಇದರ ಯುಕ್ತಿಯು ಮೆಚ್ಚತಕ್ಕದ್ದು. ಯಾವ ಸೇವೆಗೆ ಯಾವದು ಬೇಕೆಂಬುದನ್ನು ಚಿಕ್ಕ ಕಡತಗಳಲ್ಲಿ ಬರೆದಿಡಲಾಗುತ್ತದೆ. ಒಂದನ್ನೊಂದು ಅವಲಂಬಿಸದವುಗಳು ಏಕಕಾಲದಲ್ಲಿ ಏಳುತ್ತವೆ. ಅಲ್ಲದೆ ಸೇವೆಯ ಬಾಗಿಲನ್ನು ಸಿಸ್ಟಮ್‌ಡಿಯೇ ಮುಂಚಿತವಾಗಿ ತೆರೆದಿಟ್ಟು, ಬಂದ ಕೋರಿಕೆಗಳನ್ನು ಹಿಡಿದಿರಿಸಿ, ಸೇವೆಯು ಎದ್ದೊಡನೆ ಒಪ್ಪಿಸಬಲ್ಲದು. ಬಿದ್ದ ಸೇವೆಯನ್ನು ಪುನಃ ಎಬ್ಬಿಸುವಂತೆಯೂ ಅದಕ್ಕೆ ಹೇಳಿಡಬಹುದು.

ಆಕ್ಷೇಪಗಳೂ ಉಂಟು. ಒಂದೇ ಕೈಯಲ್ಲಿ ಹಲವು ಬೀಗದಕೈಗಳು ಸೇರಿವೆಯೆಂದು ಅನೇಕರು ದೂರಿದರು. ಅದರ ದಿನಚರಿಯು ಸಾಧಾರಣ ಬರಹವಾಗಿರದೆ, ಜರ್ನಲ್‌ಸಿಟಿಎಲ್ ಎಂಬ ಉಪಕರಣದಿಂದ ಓದತಕ್ಕದ್ದಾಗಿದೆ. 2014ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮನಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದಲೇ ಇದು ಗೆದ್ದಿತು. ಒಪ್ಪದ ಕೆಲವರು ಬೇರೆಯಾಗಿ ಡೆವುವಾನ್ ಎಂಬುದನ್ನು ಕಟ್ಟಿಕೊಂಡರು. ಆಲ್ಪೈನ್‌ನಲ್ಲಿ ಓಪನ್‌ಆರ್‌ಸಿಯೂ ವಾಯ್ಡ್‌ನಲ್ಲಿ ರನಿಟ್ಟೂ ಬಳಕೆಯಲ್ಲಿವೆ. ರನಿಟ್ ಬಹು ಚಿಕ್ಕದಾದುದರಿಂದ, ಕಲಿಸುವವಳಾದ ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವುಂಟೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಈ ಕೆಲಸದಿಂದ ಜೀವನೋಪಾಯವನ್ನು ಬಯಸುವ ಹುಡುಗಿಯು ಮೊದಲು ಸಿಸ್ಟಮ್‌ಡಿಯನ್ನೇ ಕಲಿಯಲಿ. ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಮೂರರಲ್ಲಿಯೂ ಈಗ ಇರುವದು ಅದೇ.

ಇನ್ನು ನಮ್ಮ ಯಂತ್ರದ ಸಂಗತಿ. ಆ ಬಾಲಿಕೆಯು ದಿನಚರಿಯನ್ನು ಸಾಲುಸಾಲಾಗಿ ಓದಿ, ಎಂದೋ ತೆಗೆದುಹಾಕಿದ್ದ ಒಂದು ಡಿಸ್ಕಿನ ಹೆಸರು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇನ್ನೂ ಉಳಿದಿರುವದನ್ನು ಕಂಡುಹಿಡಿದಳು. ಬಾರದ ಆ ಅತಿಥಿಗಾಗಿ ಸಿಸ್ಟಮ್‌ಡಿಯು ತನ್ನ ನಿಯಮದಂತೆ 90 ಸೆಕೆಂಡು ಕಾಯುತ್ತಿತ್ತು. ಆ ಒಂದು ಸಾಲನ್ನು ಅವಳೇ ಅಳಿಸಿದಳು.