ಒಡನೋದಿದ ಗೆಳೆಯರು

ಬಹುಕಾಲ ಅಗಲಿದ್ದ ಸಹಪಾಠಿಗಳು ಎದುರಾದಾಗ ಕೇಳಿಕೊಳ್ಳುವ ಪ್ರಶ್ನೆಗಳು ಎಲ್ಲ ಕಾಲಕ್ಕೂ ಹೆಚ್ಚುಕಡಿಮೆ ಒಂದೇ: ಈಗ ಎಲ್ಲಿ ವಾಸ, ಏನು ಉದ್ಯೋಗ, ಮದುವೆಯಾಯಿತೆ, ಮಕ್ಕಳೆಷ್ಟು? ಆದರೆ ಒಂದೇ ಮಣೆಯ ಮೇಲೆ ಕುಳಿತು ಓದಿದವರು ಬಾಳಿನಲ್ಲಿ ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. ಏಳಿಗೆ ಹೊಂದಿದವನಿಗೆ ಸಹಜವೆನಿಸುವ ಪ್ರಶ್ನೆ ಸೋತವನ ಪಾಲಿಗೆ ಮುಳ್ಳಾಗಬಹುದು. ಇಂತಹ ಎರಡು ಭೇಟಿಗಳು ಮಹಾಭಾರತ ಭಾಗವತಗಳಲ್ಲಿ ಬರುತ್ತವೆ. ಎರಡರಲ್ಲಿಯೂ ಒಬ್ಬ ಅರಮನೆಯವನು, ಇನ್ನೊಬ್ಬ ಬಡ ಬ್ರಾಹ್ಮಣ.

ದ್ರೋಣ ದ್ರುಪದರು ಭರದ್ವಾಜ ಮುನಿಯ ಆಶ್ರಮದಲ್ಲಿ ಕೂಡಿ ಆಡಿದವರು, ಕೂಡಿ ಕಲಿತವರು. ತಾನು ದೊರೆಯಾದ ಮೇಲೆ ರಾಜ್ಯಭೋಗವು ನಿನ್ನದೂ ಹೌದೆಂದು ದ್ರುಪದನು ಆಗ ಹೇಳಿದ್ದನಂತೆ. ಹುಡುಗರ ಮಾತು! ಮುಂದೆ ಅವನು ಪಾಂಚಾಲದ ಅರಸನಾದನು. ದ್ರೋಣನು ಕೃಪಿಯ ಕೈಹಿಡಿದು ಅಶ್ವತ್ಥಾಮನೆಂಬ ಮಗನನ್ನು ಪಡೆದನು; ಆದರೆ ಮನೆಯಲ್ಲಿ ಒಂದು ಹಸುವಿರಲಿಲ್ಲ. ಉಳ್ಳವರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಅತ್ತ ಆ ಮಗುವಿಗೆ ಜೊತೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಕುಡಿಸಿದರು. ಹಾಲು ಕುಡಿದೆನೆಂದು ಅದು ಕುಣಿದಾಡಿತು. ತಂದೆಗೆ ಅದನ್ನು ನೋಡಲಾಗಲಿಲ್ಲ. ಗೆಳೆಯನ ನೆನಪಾಯಿತು.

ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಈ ಭೇಟಿಯನ್ನು ಅರಮನೆಯ ಬಾಗಿಲಲ್ಲೇ ತೊಡಗಿಸುತ್ತಾನೆ. ಒಡನಾಡಿದ ಗೆಳೆಯ ಬಂದಿದ್ದಾನೆಂದು ದ್ರೋಣನು ದ್ವಾರಪಾಲಕನ ಮೂಲಕ ಹೇಳಿ ಕಳುಹಿಸುತ್ತಾನೆ. ಅಂಥವನನ್ನು ತಾನರಿಯೆನೆಂದು ಒಳಗಿನಿಂದ ಉತ್ತರ ಬರುತ್ತದೆ. ವ್ಯಾಸಭಾರತದ ದ್ರುಪದನಾದರೋ ತತ್ತ್ವವನ್ನೇ ಹೇಳುತ್ತಾನೆ: ಗೆಳೆತನವೆಂಬುದು ಸಮಾನರ ನಡುವೆ ಮಾತ್ರ, ಕಾಲ ಕಳೆದಂತೆ ಹಳೆಯ ಸ್ನೇಹವೂ ಸವೆದುಹೋಗುತ್ತದೆ. ಮಾತು ಕಟುವಾದರೂ ಲೋಕಾನುಭವಕ್ಕೆ ತೀರ ದೂರವಾದುದಲ್ಲ. ಆದರೆ ಬಂದವನ ಹೆಂಡತಿ ಮಕ್ಕಳ ಯೋಗಕ್ಷೇಮವನ್ನು ಅವನು ಒಮ್ಮೆಯೂ ಕೇಳಲಿಲ್ಲ. ಹಾಲಿಗಾಗಿ ಅತ್ತ ಮಗುವಿನ ಸಂಗತಿ ಆ ಸಭೆಯಲ್ಲಿ ಹೊರಬರಲೇ ಇಲ್ಲ. ಮುಂದೆ ಶಿಷ್ಯನಾದ ಅರ್ಜುನನಿಂದ ದ್ರುಪದನನ್ನು ಕಟ್ಟಿ ತರಿಸಿ, ದ್ರೋಣನು ಪಾಂಚಾಲದ ಅರ್ಧವನ್ನು ತಾನಿಟ್ಟುಕೊಂಡು ಅವನಿಗೆ ಸಮಾನನಾದನು, ಗೆಳೆಯನಾಗಲಿಲ್ಲ.

ಇನ್ನೊಂದು ಭೇಟಿ ದ್ವಾರಕೆಯದು. ಭಾಗವತದ ದಶಮಸ್ಕಂಧದಲ್ಲಿ ಬರುವ ಆ ಬ್ರಾಹ್ಮಣನಿಗೆ ಮೂಲದಲ್ಲಿ ಹೆಸರೇ ಇಲ್ಲ. ಹರಕು ಬಟ್ಟೆ ಉಟ್ಟವನೆಂಬ ವಿಶೇಷಣವೇ ಮುಂದೆ ಕುಚೇಲನೆಂಬ ಹೆಸರಾಗಿ ನಿಂತಿತು. ಹಸಿವಿನಿಂದ ಬಳಲಿದ ಹೆಂಡತಿಯ ಮಾತಿಗೆ ಕಟ್ಟುಬಿದ್ದು, ಅವಳು ನೆರೆಯವರಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಚಿಂದಿಯಲ್ಲಿ ಕಟ್ಟಿಕೊಂಡು ಅವನು ಬಂದಿದ್ದನು. ದೂರದಿಂದಲೇ ಕಂಡ ಕೃಷ್ಣನು ಮಂಚದಿಂದೆದ್ದು ಓಡಿಬಂದು ತಬ್ಬಿಕೊಂಡನು. ಕಾಲು ತೊಳೆದು ಉಪಚರಿಸಿದನು. ರುಕ್ಮಿಣಿ ಚಾಮರ ಬೀಸಿದಳು.

ಅನಂತರ ಇಬ್ಬರೂ ಕೈ ಕೈ ಹಿಡಿದು ಕುಳಿತರು. ಗುರುಕುಲದಿಂದ ಮರಳಿದ ಮೇಲೆ ಅನುರೂಪಳಾದ ಪತ್ನಿ ದೊರೆತಳೆ ಎಂದು ಕೃಷ್ಣನು ಕೇಳುತ್ತಾನೆ. ಜೀವನಕ್ಕೇನು ಮಾಡಿಕೊಂಡಿರುವೆ ಎಂದು ಮಾತ್ರ ಕೇಳುವುದಿಲ್ಲ. ಅದಕ್ಕೆ ಉತ್ತರವನ್ನು ಹರಕು ಬಟ್ಟೆಯೇ ಹೇಳುತ್ತಿತ್ತು. ನಿನ್ನ ಮನಸ್ಸು ಹಣಕ್ಕೆ ಸೋಲುವಂಥದಲ್ಲವೆಂದು ತಾನೇ ನುಡಿದು ಗೆಳೆಯನ ಬಡತನಕ್ಕೆ ಗೌರವ ತಂದುಕೊಡುತ್ತಾನೆ. ಒಡನೆಯೇ ಮಾತು ಸಾಂದೀಪನಿಗಳ ಆಶ್ರಮದತ್ತ ಹೊರಳುತ್ತದೆ. ಗುರುಪತ್ನಿಯ ಅಪ್ಪಣೆಯಂತೆ ಸೌದೆ ತರಲು ಕಾಡಿಗೆ ಹೋದದ್ದು, ಅಕಾಲದ ಬಿರುಗಾಳಿ ಮಳೆ, ಹಳ್ಳ ದಿಣ್ಣೆ ತಿಳಿಯದ ಕತ್ತಲು, ಕೈ ಹಿಡಿದುಕೊಂಡೇ ಕಳೆದ ಇರುಳು, ಬೆಳಗಾದಾಗ ಹುಡುಕುತ್ತ ಬಂದ ಗುರುಗಳು. ಆ ಮಳೆಯಲ್ಲಿ ಇಬ್ಬರೂ ಒಂದೇ ಸಮನಾಗಿ ನೆನೆದಿದ್ದರು!

ಅಷ್ಟರಿಂದಲೇ ತೃಪ್ತನಾಗದೆ, ನನಗೇನು ತಂದಿರುವೆಯೆಂದು ಕೃಷ್ಣನೇ ಕೈಚಾಚುತ್ತಾನೆ. ಲಕ್ಷ್ಮಿಯ ಪತಿಗೆ ಅವಲಕ್ಕಿ ಕೊಡುವುದೆಂತು? ಕುಚೇಲನು ನಾಚಿ ತಲೆ ತಗ್ಗಿಸಿದನು. ಕೃಷ್ಣನು ಗಂಟನ್ನು ತಾನೇ ಸೆಳೆದು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈಯಿಟ್ಟನು. ಬೇಡಲು ಬಂದವನು ಕೊಡುವವನಾದನು.

ಮರುದಿನ ಬೆಳಿಗ್ಗೆ ಕುಚೇಲನು ಏನನ್ನೂ ಕೇಳದೆ ಹೊರಟನು. ಕೃಷ್ಣನೂ ಕೈಯಲ್ಲಿ ಏನನ್ನೂ ಇಡಲಿಲ್ಲ. ಊರಿನಲ್ಲಿ ಕಾದಿದ್ದ ಭಾಗ್ಯ ಅವನಿಗಿನ್ನೂ ತಿಳಿಯದು. ಆದರೂ ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿದ್ದುದು ಬರಿಗೈಯ ಚಿಂತೆಯಲ್ಲ, ಕೊಳೆಬಟ್ಟೆಯ ತನ್ನನ್ನು ತಬ್ಬಿಕೊಂಡ ಆ ತೋಳುಗಳು.