ಹಸುವಿಗೆ ಆಂಟಿಬಯೋಟಿಕ್: ಯಾವಾಗ, ಯಾವುದು, ಎಷ್ಟು ದಿನ?



ನಮ್ಮ ಸಂಘಗಳಲ್ಲಿ ಸಾಲ ತೆಗೆದು ಹಸು ಕಟ್ಟಿದ ಮಹಿಳೆಯರು ಬಹಳ ಮಂದಿ. ಹಾಲಿನ ದುಡ್ಡಿನಲ್ಲೇ ಕಂತು, ಅದರಲ್ಲೇ ಮಕ್ಕಳ ಫೀಸು. ಹಸು ಹುಷಾರು ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಹಸು ಒಂದು ಹೊತ್ತು ಮೇವು ಬಿಟ್ಟರೂ ಸಾಕು, "ಒಂದು ಇಂಜೆಕ್ಷನ್ ಹಾಕ್ಸಿಬಿಡೋಣ" ಎನ್ನುತ್ತೇವೆ. ಹಾಗೆ ಹಾಕಿಸುವ ಇಂಜೆಕ್ಷನ್ ಎಷ್ಟೋ ಸಲ ಆಂಟಿಬಯೋಟಿಕ್ ಆಗಿರುತ್ತದೆ. ಈ ಔಷಧವನ್ನು ಸರಿಯಾಗಿ ಬಳಸಿದರೆ ಹಸು ಉಳಿಯುತ್ತದೆ. ತಪ್ಪಾಗಿ ಬಳಸಿದರೆ ದುಡ್ಡು ಹೋಗುತ್ತದೆ, ಕೆಚ್ಚಲೂ ಹೋಗುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಔಷಧ ಕೆಲಸ ಮಾಡುವುದಿಲ್ಲ. ಈ ಸಲದ ಪಾಠದಲ್ಲಿ ಇದನ್ನೇ ಕಲಿಯೋಣ.

1. ಎಲ್ಲ ಜ್ವರಕ್ಕೂ ಇದು ಮದ್ದಲ್ಲ

ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳನ್ನು. ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಮೂರು ದಿನದ ಜ್ವರ ಇವೆಲ್ಲ ವೈರಸ್‌ನಿಂದ ಬರುವಂಥವು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿದಾಗಲೂ ಆಂಟಿಬಯೋಟಿಕ್ ಆ ವೈರಸ್ಸನ್ನು ಕೊಲ್ಲಲಿಲ್ಲ. ಒಡೆದ ಗಂಟು, ಗಾಯಗಳಿಗೆ ಕೀವು ಸೇರಿದ್ದರೆ ಮಾತ್ರ ಡಾಕ್ಟರು ಅದನ್ನು ಕೊಡುತ್ತಾರೆ. ಉಣ್ಣೆ ಕಚ್ಚಿ ಬರುವ ಹಲವು ಜ್ವರಗಳಿಗೆ ಬೇರೆ ಜಾತಿಯ ಔಷಧವೇ ಬೇಕು. ಹೊಟ್ಟೆಯುಬ್ಬರ, ಅಜೀರ್ಣ, ಕರು ಹಾಕಿದ ಮೇಲೆ ಸುಣ್ಣದಂಶ ಕಡಿಮೆಯಾಗಿ ಹಸು ಮಲಗಿಬಿಡುವುದು, ಇವಕ್ಕೂ ಆಂಟಿಬಯೋಟಿಕ್‌ಗೂ ಸಂಬಂಧವಿಲ್ಲ.

ಗಳಲೆ ರೋಗ, ಚಪ್ಪೆ ರೋಗ, ಕೆಚ್ಚಲು ಬಾವು, ಗರ್ಭಕೋಶದ ಕೀವು, ಗೊರಸಿನ ಕೊಳೆತ ಇವು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಕೆಲಸ. ಇಲ್ಲಿ ಆಂಟಿಬಯೋಟಿಕ್ ಪ್ರಾಣ ಉಳಿಸಬಲ್ಲದು. ಗಳಲೆ, ಚಪ್ಪೆ ರೋಗಗಳಲ್ಲಿ ಒಂದೆರಡು ದಿನ ಕಾದರೂ ಕೈಮೀರುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸುವುದು ಇನ್ನೂ ಒಳ್ಳೆಯದು.

2. ಕೆಚ್ಚಲು ಬಾವು: ನಾವು ಹೆಚ್ಚು ಎಡವುವ ಜಾಗ

ದಿನಾ ಹಾಲು ಕರೆಯುವ ಮೊದಲು ಪ್ರತಿ ಮೊಲೆಯಿಂದ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ. ಗಡ್ಡೆ, ಚೂರು, ನೀರಿನಂಥ ಹಾಲು, ರಕ್ತ ಕಂಡರೆ ಅದು ಬಾವಿನ ಲಕ್ಷಣ. ಕೆಚ್ಚಲು ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಹಸು ಒದೆಯುತ್ತಿದ್ದರೆ ಅನುಮಾನವೇ ಬೇಡ.

ಕಣ್ಣಿಗೆ ಕಾಣದ ಬಾವು ಕೂಡ ಇದೆ. ಕೆಚ್ಚಲು ಸರಿಯಾಗಿಯೇ ಕಾಣುತ್ತದೆ, ಹಾಲು ಮಾತ್ರ ಇಳಿಯುತ್ತಾ ಬರುತ್ತದೆ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ. ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ತಟ್ಟೆಗೆ ಹಿಂಡಿ, ಹಾಲಿನಷ್ಟೇ ಸೋಪಿನ ನೀರು ಹಾಕಿ ಒಂದು ನಿಮಿಷ ತಿರುಗಿಸಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ತೊಂದರೆ ಇರಬಹುದು. ಆಗ ಡಾಕ್ಟರಿಗೆ ತೋರಿಸಿ. ಕಾಣದ ಬಾವಿಗೆ ಹಾಲು ಕೊಡುತ್ತಿರುವಾಗಲೇ ಆಂಟಿಬಯೋಟಿಕ್ ಹಾಕಬೇಕೆಂದೇನೂ ಇಲ್ಲ. ಕರು ಹಾಕಲು ಸುಮಾರು 60 ದಿನ ಇರುವಾಗ, ಹಾಲು ಬತ್ತಿಸುವ ದಿನ ಮೊಲೆಗೆ ಹಾಕುವ ಟ್ಯೂಬು ಬೇರೆಯೇ ಇದೆ. ಅದನ್ನು ಕರೆಯುವ ಹಸುವಿಗೆ ಹಾಕಬಾರದು.

3. ಯಾವ ಔಷಧ? ಆರಿಸುವವರು ಯಾರು?

ಔಷಧ ಆರಿಸುವುದು ಪಶುವೈದ್ಯರ ಕೆಲಸ. "ಪಕ್ಕದ ಮನೆ ಹಸುಗೆ ಇದೇ ಹಾಕಿದ್ರು, ವಾಸಿ ಆಯ್ತು" ಎಂದು ಅಂಗಡಿಯಿಂದ ತರುವುದು ಬೇಡ. ಎರಡು ಹಸುವಿನ ಬಾವು ನೋಡಲು ಒಂದೇ ಥರ ಇದ್ದರೂ ಒಳಗಿನ ಬ್ಯಾಕ್ಟೀರಿಯಾ ಬೇರೆ ಬೇರೆ ಇರಬಹುದು. ಒಂದಕ್ಕೆ ಪೆನ್ಸಿಲಿನ್ ಸಾಕು, ಇನ್ನೊಂದಕ್ಕೆ ಅದು ತಾಗುವುದೇ ಇಲ್ಲ.

ಗೊತ್ತುಮಾಡುವುದಕ್ಕೆ ದಾರಿ ಇದೆ. ಮೊದಲ ಇಂಜೆಕ್ಷನ್ ಹಾಕುವ ಮುಂಚೆಯೇ ಹಾಲಿನ ಮಾದರಿ ತೆಗೆಯಬೇಕು. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಶುದ್ಧ ಬಾಟಲಿಗೆ ಹಿಡಿದು, ಐಸ್ ಜೊತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಅಲ್ಲಿ ನೋಡಿ ಹೇಳುತ್ತಾರೆ. ಎಲ್ಲಿಗೆ ಕಳಿಸಬೇಕೆಂದು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಪದೇ ಪದೇ ಬಾವು ಬರುವ ಹಸುವಿಗಂತೂ ಈ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಮಾತು. "ದೊಡ್ಡ ಇಂಜೆಕ್ಷನ್ನೇ ಹಾಕಿ ಡಾಕ್ಟ್ರೇ" ಎಂದು ನಾವೇ ಒತ್ತಾಯ ಮಾಡುತ್ತೇವೆ. ಸೆಫ್ಟ್ರಿಯಾಕ್ಸೋನ್, ಎನ್ರೋಫ್ಲಾಕ್ಸಾಸಿನ್ ಇವು ಮನುಷ್ಯರ ಪ್ರಾಣ ಉಳಿಸಲು ಕಾದಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುಂಪುಗಳಿಗೆ ಸೇರಿದವು. ಹಳೆಯ ಸರಳ ಔಷಧ ಸಾಕಾಗುವಲ್ಲಿ ಇವುಗಳಿಗೆ ಹೋಗಬಾರದು. ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ದೊಡ್ಡ ದನಕ್ಕೆ ಆಂಟಿಬಯೋಟಿಕ್ ಮಾತ್ರೆಯನ್ನು ಬಾಯಿಗೆ ಹಾಕುವ ಅಭ್ಯಾಸವೂ ಬೇಡ. ಹಸುವಿನ ಹೊಟ್ಟೆಯಲ್ಲಿ ಮೇವು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳೂ ಸತ್ತು ಮೆಲುಕು ನಿಂತುಹೋಗುತ್ತದೆ.

4. ಎಷ್ಟು ಪ್ರಮಾಣ? ಎಷ್ಟು ದಿನ?

ಪ್ರಮಾಣ ನಿಲ್ಲುವುದು ಹಸುವಿನ ತೂಕದ ಮೇಲೆ. ತೂಕ ತಿಳಿಯಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ಸುತ್ತಳತೆ 66, ಉದ್ದ 55 ಇಂಚು ಇದ್ದರೆ ತೂಕ 363 ಕಿಲೋ. ಅದೇ ಹಸುವನ್ನು ಕಣ್ಣಂದಾಜಿನಲ್ಲಿ 250 ಕಿಲೋ ಎಂದುಕೊಂಡರೆ ಔಷಧ ಮೂರನೇ ಎರಡು ಭಾಗ ಮಾತ್ರ ಹೋದಂತಾಯಿತು. ಕಡಿಮೆ ಔಷಧಕ್ಕೆ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತದೆ, ಗಟ್ಟಿಯದು ಉಳಿದು ಬೆಳೆಯುತ್ತದೆ. 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು.

ಡಾಕ್ಟರು ಎಷ್ಟು ದಿನ ಬರೆದಿದ್ದಾರೋ ಅಷ್ಟೂ ದಿನ ಹಾಕಿಸಿ. "ನಿನ್ನೆಯಿಂದ ಮೇವು ತಿಂತಾ ಇದೆ, ಇನ್ಯಾಕೆ" ಎಂದು ನಿಲ್ಲಿಸಬೇಡಿ. ಎರಡು ದಿನವಾದರೂ ಗುಣ ಕಾಣದಿದ್ದರೆ ನೀವೇ ಔಷಧ ಬದಲಿಸಬೇಡಿ, ಡಾಕ್ಟರಿಗೆ ಹೇಳಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು.

ಮೊಲೆಗೆ ಟ್ಯೂಬು ಹಾಕುವಾಗ ಕೈ ತೊಳೆದು, ಹಾಲು ಪೂರ್ತಿ ಹಿಂಡಿ, ಮೊಲೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಟ್ಯೂಬಿನ ತುದಿಯನ್ನಷ್ಟೇ ಒಳಗೆ ಹಾಕಿ. ಒಂದು ಟ್ಯೂಬು ಒಂದೇ ಮೊಲೆಗೆ. ಉಳಿತಾಯ ಅಂತ ಎರಡಕ್ಕೆ ಹಂಚಿದರೆ ಎರಡೂ ಕೆಡುತ್ತವೆ.

5. ಹಾಲು ಯಾವಾಗ ಮಾರಬಹುದು?

ಇದು ಕಷ್ಟದ ಪ್ರಶ್ನೆ, ಆದರೂ ಕೇಳಿಕೊಳ್ಳಲೇಬೇಕು. ಇಂಜೆಕ್ಷನ್ನಿನ ಅಂಶ ಹಾಲಿಗೆ ಇಳಿಯುತ್ತದೆ. ಕುದಿಸಿದರೆ ಹೋಗಿಬಿಡುತ್ತದೆ ಎಂದು ನಂಬಬೇಡಿ. ಪೆನ್ಸಿಲಿನ್ ಆಗದವರಿಗೆ ಅಂಥ ಹಾಲಿನಿಂದ ಅಲರ್ಜಿ ಆಗಬಹುದು. ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಒಂದೇ ಮೊಲೆಗೆ ಔಷಧ ಹಾಕಿದ್ದರೂ ನಾಲ್ಕು ಮೊಲೆಯ ಹಾಲನ್ನೂ ಬಿಡಬೇಕು, ಏಕೆಂದರೆ ಔಷಧ ರಕ್ತದ ಮೂಲಕ ಉಳಿದವಕ್ಕೂ ಹೋಗುತ್ತದೆ. ಕರುವಿಗೂ ಕುಡಿಸಬೇಡಿ, ಅದರ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕೊನೆಯ ಡೋಸಿನ ನಂತರ ಎಷ್ಟು ದಿನ ಹಾಲು ಬಿಡಬೇಕೆಂದು ಔಷಧದ ಚೀಟಿಯ ಮೇಲೆ ಬರೆದಿರುತ್ತದೆ. ಬರೆದಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಲ್ಲಿ ಬಂದ ನಿಯಮ ಹೇಳುತ್ತದೆ.

ನಷ್ಟ ಎಷ್ಟು? ದಿನಕ್ಕೆ 8 ಲೀಟರ್ ಕೊಡುವ ಹಸುವಿಗೆ 3 ದಿನ ಚಿಕಿತ್ಸೆ, ಆಮೇಲೆ 4 ದಿನ ಬಿಡುವು ಎಂದರೆ 56 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೂ 1,960 ರೂಪಾಯಿ. ಬಡ ಮನೆಗೆ ಇದು ಸಣ್ಣ ಮೊತ್ತವಲ್ಲ. ಒಬ್ಬಳೇ ಹೊರಬೇಕಾದಾಗ ಆ ಹಾಲು ಸದ್ದಿಲ್ಲದೆ ಡೇರಿಯ ಕ್ಯಾನಿಗೆ ಸೇರಿಬಿಡುತ್ತದೆ. ಆಮೇಲೆ ಅದನ್ನು ಕುಡಿಯುವುದು ಯಾರದೋ ಮನೆಯ ಮಗು. ಹಾಗಾಗಿ ಈ ಭಾರವನ್ನು ಸಂಘ ಹಂಚಿಕೊಳ್ಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಹಸು ಚಿಕಿತ್ಸೆಯಲ್ಲಿರುವ ಸದಸ್ಯೆಯ ಆ ವಾರದ ಕಂತನ್ನು ದಂಡವಿಲ್ಲದೆ ಮುಂದಕ್ಕೆ ಹಾಕಬಹುದು. ತಿಂಗಳಿಗೆ ಹತ್ತು ರೂಪಾಯಿಯಂತೆ ಸಣ್ಣ ನಿಧಿಯೊಂದನ್ನು ಕಟ್ಟಬಹುದು.

6. ಔಷಧವೇ ಬೇಡದಂತೆ

ಕೊಟ್ಟಿಗೆ ಒಣಗಿರಲಿ. ಕರೆಯುವ ಮುಂಚೆ ಕೈ, ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಬಾವು ಇರುವ ಹಸುವನ್ನು ಕಡೆಯಲ್ಲಿ ಕರೆಯಿರಿ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

- ಕಳೆದ ಒಂದು ವರ್ಷದಲ್ಲಿ ನಮ್ಮ ಹಸುಗಳಿಗೆ ಹಾಕಿಸಿದ ಇಂಜೆಕ್ಷನ್ ಯಾವುವು? ಹೆಸರು ಯಾರಿಗಾದರೂ ಗೊತ್ತಿದೆಯೇ?
- ಡಾಕ್ಟರ ಚೀಟಿ ಇಲ್ಲದೆ ಔಷಧ ತಂದವರು ಎಷ್ಟು ಮಂದಿ? ಯಾಕೆ ತರಬೇಕಾಯಿತು?
- ಹಾಲು ಬಿಡಬೇಕಾದ ದಿನಗಳಲ್ಲಿ ಸದಸ್ಯೆಗೆ ಸಂಘ ಹೇಗೆ ನೆರವಾಗಬಹುದು?

ಈ ತಿಂಗಳ ನಿರ್ಧಾರ: ಪ್ರತಿ ಮನೆಯ ಕೊಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇಡೋಣ. ಹಸುವಿನ ಕಿವಿಯೋಲೆ ನಂಬರು, ರೋಗ, ಔಷಧದ ಹೆಸರು, ಪ್ರಮಾಣ, ಕೊನೆಯ ಡೋಸಿನ ದಿನಾಂಕ, ಹಾಲು ಮತ್ತೆ ಮಾರುವ ದಿನಾಂಕ ಇಷ್ಟನ್ನು ಬರೆಯೋಣ. ಓದು ಬಾರದವರಿಗೆ ಮನೆಯ ಶಾಲೆ ಮಕ್ಕಳು ಬರೆದುಕೊಡಲಿ. ಮುಂದಿನ ಸಲ ಡಾಕ್ಟರು ಬಂದಾಗ ಮೊದಲು ಆ ಪುಸ್ತಕ ತೋರಿಸಿ.