ಬಸ್ಸಾರಿನ ಸೊಪ್ಪು ಮಗುವಿನ ತಟ್ಟೆಗೂ ಬರಲಿ

ತಾಯಂದಿರೇ, ಮಕ್ಕಳ ಜೊತೆಗಿರುವ ಅಜ್ಜಿಯರೇ,

"ನಮ್ಮ ಮಗು ಸೊಪ್ಪಿನ ಸಾರಲ್ಲೇ ಮುದ್ದೆ ಉಣ್ಣುತ್ತೆ ಸಿಸ್ಟರ್, ಅದಕ್ಕೆ ಯಾಕೆ ವಿಟಮಿನ್ ಕಮ್ಮಿ ಆಗುತ್ತೆ?" ಆಹಾರದ ವಿಷಯ ಹೇಳಲು ಕುಳಿತಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅಡುಗೆಯಲ್ಲಿ ಸೊಪ್ಪಿಗೆ ಕೊರತೆಯಿಲ್ಲ. ಆದರೆ ಬಸ್ಸಾರು ಮಾಡುವ ರೀತಿ ನೆನಪು ಮಾಡಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಮಗುವಿಗೆ ಖಾರ, ಅರಗುವುದಿಲ್ಲ ಎಂದು ಪಲ್ಯ ಕೊಡುವುದಿಲ್ಲ. ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿಸುತ್ತೇವೆ. ಸೊಪ್ಪಿನಲ್ಲಿರುವ ಎ ಜೀವಸತ್ವದ ಅಂಶ ನೀರಿನಲ್ಲಿ ಕರಗುವಂಥದ್ದಲ್ಲ. ಮಸಾಲೆಗೆ ರುಬ್ಬಿದ ಒಂದಿಷ್ಟನ್ನು ಬಿಟ್ಟರೆ ಉಳಿದದ್ದೆಲ್ಲ ಎಲೆಯಲ್ಲೇ ಇದ್ದು ದೊಡ್ಡವರ ತಟ್ಟೆಗೆ ಹೋಗುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೇರಳ, ಎ ಜೀವಸತ್ವ ಮಾತ್ರ ಇಲ್ಲವೆಂದೇ ಹೇಳಬೇಕು. ಅನ್ನದಲ್ಲೂ ಇಲ್ಲ.

ಮಬ್ಬು ಬೆಳಕಿನಲ್ಲಿ ನೋಡಲು ಕಣ್ಣಿನ ಒಳಪರದೆಗೆ ಎ ಜೀವಸತ್ವ ಬೇಕು. ಅದು ಕಡಿಮೆಯಾದಾಗ ಮೊದಲು ಬರುವುದು ಇರುಳುಗಣ್ಣು. ಎರಡು ವರ್ಷದ ಮಗು "ನನಗೆ ಕಾಣಿಸುತ್ತಿಲ್ಲ" ಎಂದು ಹೇಳುವುದಿಲ್ಲ. ಹಗಲೆಲ್ಲ ಆಡಿದ ಮಗು ದೀಪ ಹಚ್ಚುವ ಹೊತ್ತಿಗೆ ಒಂದು ಕಡೆ ಕೂತುಬಿಡುತ್ತದೆ, ಹೊಸಿಲು ಎಡವುತ್ತದೆ, ತಟ್ಟೆಯಲ್ಲಿರುವ ತುತ್ತಿಗೆ ತಡಕಾಡುತ್ತದೆ. ಭೇದಿಗೆಂದು ಮೊಮ್ಮಗನನ್ನು ಸೇರಿಸಿದ್ದ ಅಜ್ಜಿಯೊಬ್ಬರು, "ಸಂಜೆ ಆದ್ರೆ ಇವನದು ಬರೀ ಹಟ, ಸೊಂಟ ಬಿಟ್ಟು ಇಳಿಯಲ್ಲ" ಎಂದು ಮಾತಿಗೆ ಹೇಳಿದರು. ನಾನೂ ನಕ್ಕು ಸುಮ್ಮನಾದೆ. ಮರುದಿನ ಅದೇ ಮಾತು ಮತ್ತೆ ಕಿವಿಗೆ ಬಿದ್ದ ಮೇಲೆಯೇ ಡಾಕ್ಟರಿಗೆ ತಿಳಿಸಿದ್ದು. ಅದು ಹಟವಾಗಿರಲಿಲ್ಲ.

ಮುಂದೆ ಬಿಳಿಗುಡ್ಡೆಯ ಮೇಲೆ ಸೋಪಿನ ನೊರೆಯಂಥ ಚುಕ್ಕೆ ಕಾಣಬಹುದು; ಕಣ್ಣು ಹೊಳಪು ಕಳೆದುಕೊಂಡು ಒಣಗುತ್ತದೆ. ಆಗಲೂ ಔಷಧ ಕೊಟ್ಟು ದೃಷ್ಟಿ ಉಳಿಸಬಹುದು. ಕರಿಗುಡ್ಡೆ ಮೆತ್ತಗಾಗಿ ಕರಗತೊಡಗಿದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಹಾಗಾಗಲು ಕೆಲವೇ ದಿನ ಸಾಕು. ಆದ್ದರಿಂದ ಕಣ್ಣಿಗೆ ಎಲೆಯ ರಸ, ಎದೆಹಾಲು ಬಿಡುತ್ತಾ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ದಡಾರವಾದಾಗ ಇನ್ನೂ ಎಚ್ಚರ ಬೇಕು. ಆ ಜ್ವರ ಮೈಯಲ್ಲಿ ಉಳಿದಿರುವ ಎ ಜೀವಸತ್ವವನ್ನೂ ಬರಿದು ಮಾಡುತ್ತದೆ. ನಾವೋ "ಅಮ್ಮ ಆಗಿದೆ" ಎಂದು ಅದೇ ಹೊತ್ತಿಗೆ ಎಣ್ಣೆ, ಒಗ್ಗರಣೆ, ಸೊಪ್ಪು ಎಲ್ಲ ನಿಲ್ಲಿಸುತ್ತೇವೆ.

ರೇಷ್ಮೆ ಸಾಕುವ ಮನೆಯವರಿಗೆ ಒಂದು ಮಾತು ಹೇಳಿದರೆ ಬೇಗ ಅರ್ಥವಾಗುತ್ತದೆ. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೀರಿ, ಕಡ್ಡಿ ಸಮೇತ ಹಾಕುವುದು ದೊಡ್ಡ ಹುಳುವಿಗೆ. ಮಗುವಿಗೂ ಹಾಗೆಯೇ. ಆರು ತಿಂಗಳು ತುಂಬಿದ ಮೇಲೆ ಒಂದು ಚಮಚದಿಂದ ಶುರು ಮಾಡಿ. ವರ್ಷ ದಾಟಿದ ಮಗುವಿಗೆ, ಪಲ್ಯಕ್ಕೆ ಖಾರ ಬೀಳುವ ಮುನ್ನ, ಅದರ ಹಿಡಿಯಷ್ಟು ಬೆಂದ ಸೊಪ್ಪು ತೆಗೆದಿಡಿ. ನಾರು, ದಂಟು ಬಿಟ್ಟು ನುಣ್ಣಗೆ ಕಿವುಚಿ, ಅರ್ಧ ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿ ಮುದ್ದೆಗೋ ಅನ್ನಕ್ಕೋ ಕಲಸಿ. ಜಿಡ್ಡಿಲ್ಲದಿದ್ದರೆ ಈ ಜೀವಸತ್ವ ಮೈಗೆ ಹತ್ತುವುದಿಲ್ಲ. ಮಸ್ಸೊಪ್ಪು ಮಾಡಿದ ದಿನ ಈ ತಾಪತ್ರಯವೂ ಇಲ್ಲ, ಎಲೆಯೆಲ್ಲ ಸಾರಿನಲ್ಲೇ ಇರುತ್ತದೆ. ನುಗ್ಗೆ, ದಂಟು, ಕೀರೆ, ಮೆಂತ್ಯ ಯಾವುದಾದರೂ ಆಗುತ್ತದೆ. ಹಿತ್ತಲ ನುಗ್ಗೆಗೆ ಕಾಸೂ ಬೇಡ.

ಇನ್ನು ಮಾವು. ನಮ್ಮ ಸೀಮೆಯ ದೊಡ್ಡ ಬೆಳೆ. ಬಾದಾಮಿ, ರಸಪುರಿ ಲೋಡುಗಟ್ಟಲೆ ಹೊರಗೆ ಹೋಗುತ್ತವೆ, ಮನೆಯ ಮಗುವಿಗೆ ಮಾತ್ರ "ಉಷ್ಣ" ಎಂದು ಕೊಡುವುದಿಲ್ಲ. ಚೆನ್ನಾಗಿ ತೊಳೆದ ಕಳಿತ ಹಣ್ಣಿನ ಒಂದೆರಡು ಹೋಳಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಎ ಜೀವಸತ್ವವನ್ನು ಲಿವರ್ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬಳಸುತ್ತದೆ. ಮಾವಿನ ಕಾಲದಲ್ಲಿ ತಿಂದದ್ದು ಮಳೆಗಾಲಕ್ಕೂ ಒದಗುತ್ತದೆ. ತೋಟವನ್ನು ಹೂವಿನಲ್ಲೇ ಗುತ್ತಿಗೆ ಕೊಟ್ಟಿದ್ದರೂ ಒಂದು ಮರ ಮನೆಗೆ ಉಳಿಸಿಕೊಳ್ಳಿ. ಮಾವಿಲ್ಲದಾಗ ಪರಂಗಿ ಹಣ್ಣು, ಸಿಹಿಗುಂಬಳ, ಕ್ಯಾರೆಟ್. ಕೆನೆ ತೆಗೆಯದ ಹಾಲು ಒಳ್ಳೆಯದು; ತಿನ್ನುವ ಮನೆಗಳಲ್ಲಿ ಮೊಟ್ಟೆಯ ಹಳದಿಯೂ ಆಗುತ್ತದೆ. ಹೆರಿಗೆಯಾದ ಕೂಡಲೇ ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ, ಮಗುವಿಗೆ ಸಿಗುವ ಮೊದಲ ಎ ಜೀವಸತ್ವ ಅದೇ.

ಮಕ್ಕಳ ಕುರುಡುತನ ತಡೆಯಲೆಂದು 1970ರಲ್ಲಿ ದೇಶದಲ್ಲಿ ವಿಟಮಿನ್ ಎ ದ್ರಾವಣ ಕುಡಿಸುವ ಕಾರ್ಯಕ್ರಮ ಶುರುವಾಯಿತು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ 1 ಮಿ.ಲೀ., ಹದಿನಾರರಿಂದ ಹದಿನೆಂಟನೇ ತಿಂಗಳೊಳಗೆ 2 ಮಿ.ಲೀ., ಅಲ್ಲಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಮಿ.ಲೀ. ಒಟ್ಟು ಒಂಬತ್ತು ಸಲ, ಖರ್ಚಿಲ್ಲದೆ. ಇರುಳುಗಣ್ಣು ಅಥವಾ ದಡಾರ ಇದ್ದರೆ ಡಾಕ್ಟರು ಬೇರೆ ಲೆಕ್ಕದಲ್ಲಿ ಕೊಡುತ್ತಾರೆ. ಒಳ್ಳೆಯದೆಂದು ನೀವೇ ಅಂಗಡಿಯಿಂದ ತಂದು ಹೆಚ್ಚಿಗೆ ಕುಡಿಸಬೇಡಿ, ಮಿತಿ ಮೀರಿದರೆ ವಾಂತಿ, ತಲೆನೋವು ಬರುತ್ತದೆ, ಲಿವರಿಗೂ ಕೆಡುಕು. ತಾಯಿ ಕಾರ್ಡಿನಲ್ಲಿ ಯಾವ ಡೋಸು ತಪ್ಪಿದೆ ಎಂದು ಮನೆಗೆ ಹೊರಡುವ ಮುನ್ನ ವಾರ್ಡಿನ ಸಿಸ್ಟರಿಗೆ ತೋರಿಸಿ.